ಹೊಸ ಮದರ್‌ಬೋರ್ಡ್ ಹಾಕಿದೆ, ಡಿಸ್‌ಪ್ಲೇ ಬರ್ತಿಲ್ಲ: ಎಲ್ಲಿಂದ ಹುಡುಕಬೇಕು?

ಭಾನುವಾರ ರಾತ್ರಿ ಒಂಬತ್ತೂವರೆ. ಹಾಸನದಿಂದ ಅಕ್ಕನ ಮಗಳ ಫೋನು. "ಚಿಕ್ಕಮ್ಮ, ಬೋರ್ಡು ಸತ್ತೋಯ್ತು ಅನ್ಸುತ್ತೆ."

ಬೆಳಿಗ್ಗೆಯಿಂದ ಕೂತು ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಜೋಡಿಸಿದ್ದಾಳೆ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟು ಕೊಡುವ ಡಬ್ಬಿ), ಗ್ರಾಫಿಕ್ಸ್ ಕಾರ್ಡ್ ಹಳೆಯವು. ಬೋರ್ಡು, ಐ5-12400ಎಫ್ ಪ್ರೊಸೆಸರ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಹೊಸವು. ಪವರ್ ಬಟನ್ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಮತ್ತೆ ಒತ್ತಿದರೆ ಅದೂ ಇಲ್ಲ.

"ಸುಟ್ಟ ವಾಸನೆ ಬಂತಾ?"

"ಇಲ್ಲ."

"ಹಾಗಾದ್ರೆ ಊಟ ಮಾಡಿ ಬಾ. ಆಮೇಲೆ ನೋಡೋಣ."

ವಾಸನೆ ಬರದೆಯೂ ಬೋರ್ಡು ಹೋಗಬಹುದು, ಅದು ನನಗೂ ಗೊತ್ತು. ಆದರೆ ಈ ಕೆಲಸದಲ್ಲಿ ನಾನು ಕಲಿತದ್ದು ಒಂದೇ. ಬೋರ್ಡನ್ನು ಕೊನೆಗೆ ಅನುಮಾನಿಸಬೇಕು. ಕರೆಂಟು, ರ‍್ಯಾಮು, ಡಿಸ್‌ಪ್ಲೇ ಎಲ್ಲವೂ ಬೋರ್ಡಿನ ಮೂಲಕವೇ ಹಾದು ಹೋಗುತ್ತವೆ. ಹಾಗಾಗಿ ಯಾರ ತಪ್ಪಾದರೂ ಬೈಗುಳ ಬೋರ್ಡಿಗೇ. ಮನೆಯಲ್ಲಿ ಹಿರಿ ಸೊಸೆಗೆ ಆಗುವ ಹಾಗೆ.

ಕೈ ಹಾಕುವ ಮುಂಚೆ

ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ. ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಕೇಬಲ್ ಹಾಕುವಾಗ, ತೆಗೆಯುವಾಗ ಪ್ರತಿ ಸಲವೂ ಹೀಗೆ ಮಾಡಿ. ಎಸ್‌ಎಂಪಿಎಸ್ ಅನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಜೋರು ಶಾಕ್ ಕೊಡುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಇನ್ನೊಂದು ವಿಷಯ ಅರ್ತಿಂಗ್. ಕ್ಯಾಬಿನೆಟ್‌ನ ತಗಡು ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ? ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದಾ? ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಜನ ತಕ್ಷಣ "ಬೋರ್ಡು ಶಾರ್ಟ್ ಆಗಿದೆ" ಅಂತಾರೆ. ಅಲ್ಲ. ಎಸ್‌ಎಂಪಿಎಸ್ ಒಳಗೆ ಲೈನಿನ ಗದ್ದಲ ಸೋಸುವುದಕ್ಕೆ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಅರ್ತ್ ಇದ್ದರೆ ಅವುಗಳಲ್ಲಿ ಸೋರುವ ಚೂರು ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ತಗಡಿನ ಮೇಲೆ 230 ವೋಲ್ಟಿನ ಅರ್ಧ, ಅಂದರೆ ಸುಮಾರು 115 ವೋಲ್ಟ್ ತೋರಿಸುತ್ತದೆ. ಕರೆಂಟು ತುಂಬಾ ಕಡಿಮೆ, ಜೀವಕ್ಕೆ ಅಪಾಯ ಮಾಡುವಷ್ಟಲ್ಲ. ಆದರೆ ಇದೇ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಪೋರ್ಟ್ ಹಾಳಾಗಬಹುದು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಎಂದಲ್ಲ, ಹಿಂದೆ ತಂತಿಯೇ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ಫೇಸ್‌ನಿಂದ ಅರ್ತ್‌ಗೆ ಸುಮಾರು 230 ಬರಬೇಕು, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟಿಗಿಂತ ಜಾಸ್ತಿ ಇರಬಾರದು.

ಏನಾಗ್ತಿದೆ ಅಂತ ಸರಿಯಾಗಿ ನೋಡಿ

"ಆನ್ ಆಗ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆ ಅಡಗಿವೆ. ಏನೂ ಅಲ್ಲಾಡದೆ ಸುಮ್ಮನಿರುವುದು ಒಂದು. ಫ್ಯಾನು ಒಮ್ಮೆ ಮಿಸುಕಿ ನಿಲ್ಲುವುದು ಇನ್ನೊಂದು. ಫ್ಯಾನು ತಿರುಗುತ್ತಲೇ ಇದ್ದು ಪರದೆ ಕಪ್ಪಾಗಿರುವುದು ಮೂರನೆಯದು. ಯಾವುದು ಎಂದು ಗೊತ್ತಾದರೆ ಹುಡುಕುವ ಜಾಗ ಮೂರನೇ ಒಂದಕ್ಕೆ ಇಳಿಯುತ್ತದೆ.

ಏನೂ ಅಲ್ಲಾಡದಿದ್ದರೆ ಮೊದಲು ಎಸ್‌ಎಂಪಿಎಸ್ ಹಿಂದಿನ ಪುಟ್ಟ ಸ್ವಿಚ್ ನೋಡಿ. ನಗಬೇಡಿ, ಈ ಒಂದು ಸ್ವಿಚ್ಚಿಗಾಗಿ ನಾನೇ ಒಮ್ಮೆ ಇಪ್ಪತ್ತು ಕಿಲೋಮೀಟರ್ ಹೋಗಿ ಬಂದಿದ್ದೇನೆ. ಆಮೇಲೆ ಕ್ಯಾಬಿನೆಟ್‌ನ ಪವರ್ ಬಟನ್ನಿನಿಂದ ಬರುವ ಸಣ್ಣ ತಂತಿ. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಎರಡು ಸಾಲಾಗಿ ಒಂಬತ್ತು ಪಿನ್ ಇರುತ್ತವೆ. ಪವರ್ ಸ್ವಿಚ್, ರೀಸೆಟ್, ಎರಡು ಲೈಟು ಎಲ್ಲ ಅಲ್ಲಿಗೇ ಬರಬೇಕು. ಅಕ್ಷರ ಎಷ್ಟು ಚಿಕ್ಕದು ಅಂದರೆ ಕನ್ನಡಕ ಹಾಕಿಕೊಂಡರೂ ಟಾರ್ಚ್ ಬೇಕು. ಒಂದು ಪಿನ್ ಆಚೀಚೆ ಆದರೂ ಬಟನ್ ಕೆಲಸ ಮಾಡುವುದಿಲ್ಲ. ಅನುಮಾನ ಬಂದರೆ ತಂತಿ ಕಿತ್ತು, ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂ ಡ್ರೈವರ್ ತುದಿಯನ್ನು ಅರೆಕ್ಷಣ ಒಟ್ಟಿಗೆ ತಾಗಿಸಿ. ಬಟನ್ ಮಾಡುವುದೂ ಅಷ್ಟೇ ಕೆಲಸ. ಹೀಗೆ ಮಾಡಿದಾಗ ಆನ್ ಆದರೆ ದೋಷ ಬಟನ್ನಿನದು ಅಥವಾ ತಂತಿಯದು. ಹಾಗಿದ್ದರೆ ರೀಸೆಟ್ ಬಟನ್ನಿನ ತಂತಿಯನ್ನೇ ಪವರ್ ಪಿನ್ನಿಗೆ ಹಾಕಿ ಕೆಲಸ ಸಾಗಿಸಬಹುದು.

ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸುವುದು ಹೀಗೆ. ಬೋರ್ಡಿಗೆ ಹೋಗುವ ಎಲ್ಲ ಕೇಬಲ್ ತೆಗೆಯಿರಿ. ಪ್ಲಗ್ ತೆಗೆದಿರುವಾಗಲೇ 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಸೇರಿಸಿ, ಆಮೇಲೆ ಕರೆಂಟು ಕೊಡಿ. ಎಸ್‌ಎಂಪಿಎಸ್ ಫ್ಯಾನು ತಿರುಗಬೇಕು. ಮಲ್ಟಿಮೀಟರ್ ಇದ್ದರೆ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಒಳಗಿರಬೇಕು. ನೇರಳೆ ತಂತಿಯಲ್ಲಿ ಕ್ಲಿಪ್ ಇಲ್ಲದೆಯೂ 5 ವೋಲ್ಟ್ ಬರುತ್ತಿರಬೇಕು, ಅದು ಸ್ಟ್ಯಾಂಡ್‌ಬೈ. ಈ ಪರೀಕ್ಷೆಯಲ್ಲಿ ಫ್ಯಾನು ತಿರುಗದಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಜಾಸ್ತಿ. ಆದರೆ ತಿರುಗಿದ ಮಾತ್ರಕ್ಕೆ ಪಾಸ್ ಎಂದಲ್ಲ. ಲೋಡ್ ಬಿದ್ದಾಗ ಮಾತ್ರ ಕುಸಿಯುವ ಎಸ್‌ಎಂಪಿಎಸ್‌ಗಳೂ ಇವೆ.

ಮಿಸುಕಿ ನಿಲ್ಲುವುದು

ಅಕ್ಕನ ಮಗಳದ್ದು ಇದು. ಇಲ್ಲಿ ಎಸ್‌ಎಂಪಿಎಸ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಎಲ್ಲೋ ಶಾರ್ಟ್ ಇದೆ ಎಂದು ಗೊತ್ತಾಗಿ ತಾನೇ ಬಾಗಿಲು ಹಾಕಿಕೊಳ್ಳುತ್ತಿದೆ. ಎರಡನೇ ಸಲ ಒತ್ತಿದಾಗ ಏನೂ ಆಗಲಿಲ್ಲ ಅಂದಳಲ್ಲ, ಅದಕ್ಕೂ ಇದೇ ಕಾರಣ. ಒಮ್ಮೆ ಹೀಗೆ ಮುಚ್ಚಿಕೊಂಡರೆ ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟ ಮೇಲೇ ಮತ್ತೆ ತೆರೆಯುವುದು.

ಮೊದಲು 8 ಪಿನ್ನಿನ ಕನೆಕ್ಟರ್ ಕೇಳಿದೆ. ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿ, ಪ್ರೊಸೆಸರ್ ಹತ್ತಿರ ಇರುತ್ತದೆ. ಇದನ್ನು ಮರೆತರೆ ಫ್ಯಾನು ತಿರುಗಬಹುದು, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗೂ 8 ಪಿನ್ನಿನ ಕೇಬಲ್ ಇರುತ್ತದೆ, ನೋಡಲು ಅಣ್ಣ ತಮ್ಮ. ಆದರೆ ಒಂದರಲ್ಲಿ 12 ವೋಲ್ಟ್ ಇರುವ ಕಡೆ ಇನ್ನೊಂದರಲ್ಲಿ ಗ್ರೌಂಡ್. ಪ್ರೊಸೆಸರಿನದು ನಾಲ್ಕು ನಾಲ್ಕಾಗಿ ಸೀಳುತ್ತದೆ, ಗ್ರಾಫಿಕ್ಸಿನದು ಆರು ಮತ್ತು ಎರಡಾಗಿ. ಬಲವಂತ ಮಾಡಿ ತುರುಕಬೇಕಾಗಿ ಬಂದರೆ ನಿಲ್ಲಿಸಿ, ಅದು ಅಲ್ಲಿಯದಲ್ಲ.

ಅವಳದ್ದು ಸರಿಯಿತ್ತು. ಹಾಗಾದರೆ ಬೋರ್ಡಿನ ಕೆಳಗೆ. ಕ್ಯಾಬಿನೆಟ್ ತಗಡಿಗೂ ಬೋರ್ಡಿಗೂ ನಡುವೆ ಹಿತ್ತಾಳೆಯ ಪುಟ್ಟ ಕಂಬಗಳಿರುತ್ತವೆ, ಸ್ಟ್ಯಾಂಡ್‌ಆಫ್ ಅಂತ. ಬೋರ್ಡಿನ ತೂತು ಇರುವ ಕಡೆ ಮಾತ್ರ ಕಂಬ ಇರಬೇಕು. ತೂತಿಲ್ಲದ ಕಡೆ ಕಂಬ ಇದ್ದರೆ ಅದು ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ, ಅಲ್ಲಿಂದ ನೇರ ಗ್ರೌಂಡಿಗೆ ದಾರಿಯಾಗುತ್ತದೆ.

"ಹಳೇ ಬೋರ್ಡು ಚಿಕ್ಕದಿತ್ತಾ?"

"ಹೂಂ, ಚೌಕವಾಗಿತ್ತು. ಇದು ಉದ್ದ ಇದೆ."

ಅಲ್ಲಿಗೆ ಅರ್ಧ ಗೊತ್ತಾಯಿತು. ಹಳೆಯದು ಮೈಕ್ರೋ ಎಟಿಎಕ್ಸ್, 244 ಮಿಲಿಮೀಟರ್ ಚೌಕ. ಹೊಸದು ಪೂರ್ತಿ ಎಟಿಎಕ್ಸ್, 305 ಉದ್ದ 244 ಅಗಲ. ಎರಡಕ್ಕೂ ಮೇಲಿನ ಆರು ತೂತು ಒಂದೇ ಕಡೆ ಬರುತ್ತವೆ. ಕೆಳಗಿನ ಸಾಲು ಮಾತ್ರ ಬೇರೆ. ಚಿಕ್ಕ ಬೋರ್ಡಿನ ಕೊನೆಯ ಸಾಲು ಎಲ್ಲಿ ಬರುತ್ತದೋ ಅಲ್ಲಿ ದೊಡ್ಡ ಬೋರ್ಡಿಗೆ ತೂತಿರುವುದಿಲ್ಲ. ಇವಳು ಕೆಳಗೆ ಮೂರು ಹೊಸ ಕಂಬ ಹಾಕಿದ್ದಾಳೆ, ಹಳೆಯ ಮೂರನ್ನು ತೆಗೆದಿಲ್ಲ. ಎಲ್ಲ ಒಂದೇ ಎತ್ತರ, ಹಾಗಾಗಿ ಬೋರ್ಡು ಅಲುಗಾಡದೆ ಚೆನ್ನಾಗಿಯೇ ಕೂತಿದೆ. ಸ್ಕ್ರೂ ಒಂಬತ್ತು, ಕಂಬ ಹನ್ನೆರಡು.

ಬಿಚ್ಚಿ ತೆಗೆದು ಬೆನ್ನಿನ ಫೋಟೋ ಕಳಿಸಿದಳು. ಕೆಳಭಾಗದಲ್ಲಿ ಒಂದು ಬೆಸುಗೆಯ ತಲೆ ಮಾತ್ರ ಬೇರೆಯವಕ್ಕಿಂತ ಮಿರುಗುತ್ತಿತ್ತು. ಪಕ್ಕದಲ್ಲೇ ಅರ್ಧ ಚಂದ್ರನಂತೆ ಒತ್ತಿದ ಗುರುತು. ಹಿತ್ತಾಳೆ ತಾಗಿದ ಜಾಗ ಅದು.

ಇಲ್ಲೊಂದು ಕಿವಿಮಾತು. ಶಾರ್ಟ್ ಹುಡುಕುತ್ತೇನೆಂದು ಪ್ರೊಸೆಸರ್ ಸುತ್ತಲಿನ ಕಾಯಿಲ್‌ಗಳಿಗೆ ಮೀಟರ್ ಇಟ್ಟು, ಬೀಪ್ ಬಂದ ಕೂಡಲೇ ತೀರ್ಪು ಕೊಡಬೇಡಿ. ಪ್ರೊಸೆಸರ್ ಕೂತಿರುವಾಗ ಅಲ್ಲಿ ರೆಸಿಸ್ಟೆನ್ಸ್ ತುಂಬಾ ಕಡಿಮೆಯೇ ಇರುತ್ತದೆ. ಸರಿಯಿರುವ ಬೋರ್ಡೂ ಬೀಪ್ ಅನ್ನುತ್ತದೆ.

ರಟ್ಟಿನ ಡಬ್ಬಿಯ ಮೇಲೆ

ತಕ್ಷಣ ಕಂಬ ತೆಗೆದು ವಾಪಸ್ ಜೋಡಿಸುವುದಕ್ಕೆ ಹೊರಟಳು. ಬೇಡ ಅಂದೆ. ಬೋರ್ಡು ಹೇಗೂ ಹೊರಗೆ ಬಂದಿದೆ, ಹೊರಗೇ ನೋಡಿಬಿಡೋಣ.

ಬೋರ್ಡು ಬಂದ ರಟ್ಟಿನ ಡಬ್ಬಿ ಇರುತ್ತಲ್ಲ, ಅದೇ ಮೇಜು. ಬೋರ್ಡಿಗೆ ಸುತ್ತಿದ್ದ ಬೆಳ್ಳಿ ಬಣ್ಣದ ಕವರ್ ಮೇಲೆ ಮಾತ್ರ ಇಟ್ಟು ಆನ್ ಮಾಡಬೇಡಿ. ಅದರ ಹೊರಮೈಯಲ್ಲಿ ಸ್ವಲ್ಪ ಕರೆಂಟು ಹರಿಯುತ್ತದೆ. ಡಬ್ಬಿಯ ಮೇಲೆ ಬೋರ್ಡು, ಪ್ರೊಸೆಸರ್, ಅದನ್ನು ತಣ್ಣಗಿಡುವ ಕೂಲರ್, ಒಂದೇ ಒಂದು ರ‍್ಯಾಮು, ಎರಡು ಪವರ್ ಕೇಬಲ್. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್. ಕಾರ್ಡಿನ ತಗಡಿನ ಪಟ್ಟಿ ಬೋರ್ಡಿಗಿಂತ ಕೆಳಗೆ ಇಳಿಯುವುದರಿಂದ ಬೋರ್ಡನ್ನು ಡಬ್ಬಿಯ ಅಂಚಿಗೆ ಎಳೆದಿಡಿ, ಪಟ್ಟಿ ಅಂಚಿನಾಚೆ ನೇತಾಡಲಿ. ಹಾರ್ಡ್ ಡಿಸ್ಕು, ಎಸ್‌ಎಸ್‌ಡಿ, ಮುಂದಿನ ಯುಎಸ್‌ಬಿ, ಬಣ್ಣದ ಲೈಟು ಯಾವುದೂ ಬೇಡ. ಕೂಲರ್ ಇಲ್ಲದೆ ಮಾತ್ರ ಆನ್ ಮಾಡಬೇಡಿ.

ಇದನ್ನು ಮಾಡಲು ಜನ ಸೋಮಾರಿತನ ಪಡುತ್ತಾರೆ. ಕ್ಯಾಬಿನೆಟ್ ಒಳಗೇ ಕೈ ತೂರಿಸಿ ಒಂದು ಗಂಟೆ ಹೆಣಗುತ್ತಾರೆ. ಬಿಚ್ಚಲು ಹದಿನೈದು ನಿಮಿಷ ಸಾಕು. ಹೊರಗೆ ಓಡಿ ಒಳಗೆ ಓಡದಿದ್ದರೆ ದೋಷ ಕ್ಯಾಬಿನೆಟ್ ಕಡೆಯದು ಎಂದು ಖಚಿತವಾಗುತ್ತದೆ.

ಆನ್ ಮಾಡಿದಳು. ಫ್ಯಾನು ನಿಲ್ಲಲಿಲ್ಲ! ಪರದೆ ಮಾತ್ರ ಕಪ್ಪು.

"ಚಿಕ್ಕಮ್ಮ, ಇನ್ನೂ ಸರಿ ಹೋಗಿಲ್ಲ."

"ಒಂದು ಸರಿ ಹೋಗಿದೆ ಮಾರಾಯ್ತಿ. ಇದು ಬೇರೆದು."

ಎರಡು ದೋಷ ಒಂದರ ಮೇಲೊಂದು ಕೂತಿದ್ದಾಗ ಹೀಗೇ ಆಗುವುದು. ಮೊದಲನೆಯದನ್ನು ತೆಗೆದರೂ "ಇನ್ನೂ ಇಲ್ಲ" ಅನಿಸಿ, ಸರಿ ಮಾಡಿದ್ದನ್ನೇ ಮತ್ತೆ ಕೆಡಿಸುತ್ತೇವೆ. ಲಕ್ಷಣ ಬದಲಾಯಿತಾ ಎಂದು ಗಮನಿಸಿ. ಬದಲಾದರೆ ಮುಂದೆ ಹೋಗಿದ್ದೀರಿ ಎಂದೇ ಅರ್ಥ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ.

ಫ್ಯಾನು ಓಡುತ್ತದೆ, ಪರದೆ ಕಪ್ಪು

ಈಗಿನ ಬಹಳಷ್ಟು ಬೋರ್ಡುಗಳ ಬಲ ಅಂಚಿನಲ್ಲಿ ನಾಲ್ಕು ಪುಟ್ಟ ಲೈಟುಗಳಿರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ, ಅಂದರೆ ಪ್ರೊಸೆಸರ್, ರ‍್ಯಾಮು, ಗ್ರಾಫಿಕ್ಸ್, ಬೂಟ್ ಆಗುವ ಡಿಸ್ಕು. ಒಂದೊಂದಾಗಿ ಹೊತ್ತಿ ಆರುತ್ತಾ ಹೋಗಬೇಕು. ಯಾವುದು ಆರದೆ ನಿಲ್ಲುತ್ತದೋ ಅಲ್ಲಿ ತೊಂದರೆ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಅಕ್ಷರವನ್ನೇ ಓದಿ. ಈ ಲೈಟು ಇಲ್ಲದ ಅಗ್ಗದ ಬೋರ್ಡಾದರೆ ಗುಂಡಿಯಷ್ಟಿರುವ ಸ್ಪೀಕರ್ ಸಿಗುತ್ತದೆ, ಬೀಪ್ ಕೇಳಿಸುತ್ತದೆ. ಬೋರ್ಡನ್ನು ಎಬ್ಬಿಸುವ ಸಾಫ್ಟ್‌ವೇರಿಗೆ ಬಯೋಸ್ ಅಂತಾರೆ. ಬೀಪ್‌ನ ಅರ್ಥ ಒಂದೊಂದು ಬಯೋಸಿನಲ್ಲಿ ಬೇರೆ ಬೇರೆ, ಬೋರ್ಡಿನ ಕೈಪಿಡಿ ನೋಡಿ. ಆದರೆ ಒಂದು ಉಪಾಯವಿದೆ. ರ‍್ಯಾಮು ಪೂರ್ತಿ ಕಿತ್ತು ಆನ್ ಮಾಡಿ. ಬೋರ್ಡು ಕಿರುಚಿದರೆ ಅಥವಾ ಡಿರ‍್ಯಾಮ್ ಲೈಟು ನಿಂತರೆ ಬೋರ್ಡಿಗೂ ಪ್ರೊಸೆಸರಿಗೂ ಜೀವವಿದೆ.

ಅವಳ ಬೋರ್ಡಿನಲ್ಲಿ ರ‍್ಯಾಮು ಹಾಕಿದ್ದರೂ ಡಿರ‍್ಯಾಮ್ ಲೈಟು ನಿಂತಿತ್ತು.

ಒಂದು ರ‍್ಯಾಮು ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟು. ಎರಡಿದ್ದರೆ ಎರಡನೆಯದು, ನಾಲ್ಕನೆಯದು. ನಾಲ್ಕು ಸ್ಲಾಟಿನ ಬಹುತೇಕ ಬೋರ್ಡುಗಳಲ್ಲಿ ಹೀಗೆ. ಅವಳು ಸರಿಯಾದ ಸ್ಲಾಟಿನಲ್ಲೇ ಹಾಕಿದ್ದಳು, ಪೂರ್ತಿ ಕೂತಿರಲಿಲ್ಲ. ಹಳೆಯ ಬೋರ್ಡುಗಳಲ್ಲಿ ಸ್ಲಾಟಿನ ಎರಡೂ ತುದಿಗೆ ಕ್ಲಿಪ್ ಇರುತ್ತಿತ್ತು. ಈಗ ಬಹಳ ಬೋರ್ಡುಗಳಲ್ಲಿ ಮೇಲಿನ ತುದಿಗೆ ಮಾತ್ರ. ಅದು ಟಕ್ ಅಂದ ಕೂಡಲೇ ಆಯಿತು ಎಂದುಕೊಳ್ಳುತ್ತೇವೆ. ಕ್ಲಿಪ್ ಇಲ್ಲದ ಕೆಳತುದಿ ಒಂದು ಕೂದಲೆಳೆ ಮೇಲೆ ಎದ್ದಿರುತ್ತದೆ. ಪಕ್ಕದಿಂದ ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ತಂದು ನೋಡಿ. ಚಿನ್ನದ ಬಣ್ಣದ ಪಟ್ಟಿ ಒಂದೇ ಗೆರೆಯಾಗಿ ಮುಳುಗಿರಬೇಕು. ಒಂದು ಕಡೆ ಜಾಸ್ತಿ ಕಂಡರೆ ಕೂತಿಲ್ಲ. ಎರಡೂ ಹೆಬ್ಬೆರಳು ಇಟ್ಟು ಕೆಳತುದಿಯನ್ನು ಮೊದಲು, ಮೇಲ್ತುದಿಯನ್ನು ಆಮೇಲೆ ಒತ್ತಿ. ಭಯ ಆಗುವಷ್ಟು ಬಲ ಬೇಕಾಗುತ್ತದೆ, ಅದು ಸರಿಯೇ.

ರಬ್ಬರಿನಿಂದ ರ‍್ಯಾಮು ಉಜ್ಜುವ ನಮ್ಮ ಊರಿನ ಮದ್ದು ಗೊತ್ತಲ್ವಾ? ಹಳೆಯ, ಕಪ್ಪಾದ ರ‍್ಯಾಮಿಗೆ ಅದು ಕೆಲಸ ಮಾಡುತ್ತದೆ, ನಾನೂ ಮಾಡುತ್ತೇನೆ. ಉಜ್ಜಿದ ಮೇಲೆ ಪುಡಿ ಊದಿ ತೆಗೆಯಬೇಕು ಅಷ್ಟೇ. ಇವತ್ತು ಡಬ್ಬಿ ಒಡೆದ ಹೊಸ ರ‍್ಯಾಮಿಗೆ ಮಾತ್ರ ಬೇಡ, ಸುಮ್ನೆ ಚಿನ್ನದ ಲೇಪ ಸವೆಯುತ್ತದೆ.

ರ‍್ಯಾಮು ಸರಿಯಾಗಿ ಕೂತರೂ ಆ ಲೈಟು ಆರದಿದ್ದರೆ ಬೇರೆ ರ‍್ಯಾಮು, ಬೇರೆ ಸ್ಲಾಟು ಹಾಕಿ ನೋಡಿ. ಆಮೇಲೆ ಸಿಮಾಸ್ ಕ್ಲಿಯರ್, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸುವುದು. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್ 2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಡಿಡಿಆರ್5 ಬೋರ್ಡಾದರೆ, ಅದರಲ್ಲೂ ಎಎಂಡಿಯ ಎಎಂ5 ಸಾಕೆಟ್ ಆದರೆ, ಇದೆಲ್ಲಕ್ಕೂ ಮುಂಚೆ ಸುಮ್ಮನೆ ಕಾಯಿರಿ. ಮೊದಲ ಸಲ ಆನ್ ಆಗುವಾಗ ರ‍್ಯಾಮಿನ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿಂದ.

ವಿಜಿಎ ಲೈಟು ನಿಂತರೆ ಮೊದಲು ಪ್ರೊಸೆಸರಿನ ಹೆಸರು ಓದಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜೆನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಹಾಕಿ ಮಾನಿಟರ್ ಕೇಬಲನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದರೆ ಬೆಳಗಿನ ತನಕ ಕಾದರೂ ಏನೂ ಬರದು. ಕಾರ್ಡಿಗೆ ಚುಚ್ಚಿ.

ಸಿಪಿಯು ಲೈಟು ಸ್ವಲ್ಪ ಕಷ್ಟದ್ದು. ಎರಡು ಸಾಧ್ಯತೆ ಇವೆ. ಒಂದು, ಬೋರ್ಡಿನ ಬಯೋಸ್ ಪ್ರೊಸೆಸರಿಗಿಂತ ಹಳೆಯದು. 2018ರ ಬಿ450 ಬೋರ್ಡಿಗೆ 2020ರ ರೈಜೆನ್ 5000 ಹಾಕಿದರೆ ಸಾಕೆಟ್ ಹೊಂದುತ್ತದೆ, ಹಳೆಯ ಬಯೋಸಿಗೆ ಗುರುತು ಸಿಗುವುದಿಲ್ಲ. ಇಂಟೆಲ್‌ನ ಬಿ660 ಬೋರ್ಡಿಗೆ 13ನೇ ತಲೆಮಾರು ಹಾಕಿದಾಗಲೂ ಹೀಗಾಗಬಹುದು. ಬೋರ್ಡಿನ ಹಿಂದೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ಹಾಕಬಹುದು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರಬೇಕು, ಫೈಲಿಗೆ ಕೈಪಿಡಿ ಹೇಳಿದ ಹೆಸರೇ ಇಡಬೇಕು. ಕರೆಂಟು ಹೋಗಿ ಬರುವ ಊರಾದರೆ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಇನ್ನೊಂದು, ಸಾಕೆಟ್ಟಿನ ಪಿನ್ ಬಾಗಿರುವುದು. ಇಂಟೆಲ್‌ನಲ್ಲಿ, ಎಎಂ5ರಲ್ಲಿ ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ. ಸಾಕೆಟ್ಟಿನ ಹೆಸರು ಎಲ್‌ಜಿಎ 1700 ಅಂದರೆ 1700 ಪಿನ್ನು. ಪ್ರೊಸೆಸರ್ ತೆಗೆದು, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ನಾಟಿ ಮಾಡಿದ ಗದ್ದೆಯಂತೆ ಸಾಲು ಸಾಲಾಗಿ ಕಾಣಬೇಕು. ಒಂದು ಪೈರು ಬಾಗಿದ್ದರೂ ಅಲ್ಲಿ ಬೆಳಕು ಬೇರೆ ಥರ ಹೊಳೆಯುತ್ತದೆ. ಬೆರಳು, ಬಟ್ಟೆ ಯಾವುದನ್ನೂ ತಾಗಿಸಬೇಡಿ. ಬಾಗಿದ ಪಿನ್ನಿಗೆ ವಾರಂಟಿ ಸಿಗುವುದು ಕಷ್ಟ. ಹಾಗಾಗಿ ಅಂಗಡಿಯಲ್ಲೇ, ದುಡ್ಡು ಕೊಡುವ ಮುಂಚೆ, ಪ್ಲಾಸ್ಟಿಕ್ ಮುಚ್ಚಳ ತೆಗೆಸಿ ಒಮ್ಮೆ ನೋಡಿಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಗೊಂಡರೂ ಅಷ್ಟೇ, ಆನ್‌ಲೈನಿನಲ್ಲಿ ತರಿಸಿದರೆ ಬಿಚ್ಚುವಾಗ ವಿಡಿಯೊ ಮಾಡಿ. ಮುಚ್ಚಳ ಬಿಸಾಡಬೇಡಿ.

ಕೂಲರನ್ನು ಒಂದೇ ಮೂಲೆಯಿಂದ ಬಿಗಿ ಮಾಡುತ್ತಾ ಹೋದರೂ ಪ್ರೊಸೆಸರ್ ಓರೆಯಾಗಿ ಕೂತು ಒಂದು ಕಡೆಯ ರ‍್ಯಾಮು ಕಾಣೆಯಾಗಬಹುದು. ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಉಳಿದ ಚಿಲ್ಲರೆ

ಡಿಸ್‌ಪ್ಲೇ ಬಂತು, ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ ಅಂದರೆ ಎಂ.2 ಸ್ಲಾಟು (ಚಪ್ಪಟೆ ಎಸ್‌ಎಸ್‌ಡಿ ಹಾಕುವ ಜಾಗ) ನೋಡಿ. ಕೆಲವು ಬೋರ್ಡುಗಳಲ್ಲಿ ಅಲ್ಲಿ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟ್ (ಹಾರ್ಡ್ ಡಿಸ್ಕಿನ ಕೇಬಲ್ ಚುಚ್ಚುವ ಜಾಗ) ಬಂದ್ ಆಗುತ್ತವೆ. ಬೇರೆ ಪೋರ್ಟಿಗೆ ಹಾಕಿದರೆ ಮುಗಿಯಿತು. ದಿನವೂ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಸೆಲ್ ಬದಲಿಸಿ.

ನಿಜವಾಗಿಯೂ ಬೋರ್ಡೇ ಹೋಗಿದೆ ಎಂದು ಯಾವಾಗ ಹೇಳಬಹುದು? ಡಬ್ಬಿಯ ಮೇಲೆ, ಬೇರೆ ಕಡೆ ಓಡಿದ ಎಸ್‌ಎಂಪಿಎಸ್, ರ‍್ಯಾಮು, ಪ್ರೊಸೆಸರ್ ಹಾಕಿದರೂ ಏಳದಿದ್ದರೆ. ಅಂಗಡಿಗೆ ಹೋಗುವಾಗ ಬೋರ್ಡೊಂದನ್ನೇ ಒಯ್ಯಬೇಡಿ, ಪ್ರೊಸೆಸರ್ ಮತ್ತು ರ‍್ಯಾಮು ಜೊತೆಗಿರಲಿ. ಇಲ್ಲದಿದ್ದರೆ "ನಮ್ಮಲ್ಲಿ ಓಡ್ತಿದೆ" ಅಂತ ವಾಪಸ್ ಕೊಡುತ್ತಾರೆ, ನೀವು ಮತ್ತೆ ಅದೇ ಜಾಗದಲ್ಲಿ.

ಹಾಸನದಲ್ಲಿ ಹನ್ನೊಂದೂಕಾಲಿಗೆ ಡಬ್ಬಿಯ ಮೇಲೆ ಬಯೋಸ್ ಪರದೆ ಬಂತು. ಒಂದು ರ‍್ಯಾಮಿನಲ್ಲಿ 8 ಜಿಬಿ, ಎರಡನೆಯದು ಹಾಕಿದ ಮೇಲೆ 16. ಹನ್ನೆರಡು ದಾಟಿದ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಕಂಬ ಎಣಿಸಿದಳು, ಒಂಬತ್ತು. ನಾನು ನಿದ್ದೆಗೆಟ್ಟು "ಇನ್ನೊಂದ್ಸಲ ಎಣಿಸು" ಅಂದೆ.

ಬೆಳಿಗ್ಗೆ ಎದ್ದಾಗ ವಾಟ್ಸಾಪಿನಲ್ಲಿ ಒಂದು ಫೋಟೋ. ಕಾಫಿ ಲೋಟದ ಪಕ್ಕ ಮೂರು ಹಿತ್ತಾಳೆ ಕಂಬ. ಕೆಳಗೆ, "ಚಿಕ್ಕಮ್ಮ, ಇವನ್ನ ಏನ್ ಮಾಡ್ಲಿ?"